ಹವಾಲ್ದಾರನ ಬಿಳಿ ಡೋರಿ

ರಾವಸಾಹೇಬ ಶಿಂಗೆ ಹೊಟ್ಟೆಕಿಚ್ಚಿನ ಮನುಷ್ಯ. ನೆರೆಯವರ ಮೇಲೆ, ದಾಯಾದಿಗಳ ಮೇಲೆ ಕರುಬುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೂವತ್ತನಾಲ್ಕು ವರ್ಷ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತವಳಿಗೆ ಅದು ಹೊಸದಲ್ಲ. ಆದರೆ ಹೆತ್ತ ಮಗಳ ಮೇಲೆ, ತಾನು ತೊಟ್ಟ ಸಮವಸ್ತ್ರವನ್ನೇ ತೊಟ್ಟ ಮಗಳ ಮೇಲೆ ಕರುಬಿದ ತಂದೆಯನ್ನು ಕಂಡದ್ದು ಇವನೊಬ್ಬನನ್ನೇ. ಇದನ್ನು ಅವನ ಎದುರಿಗೇ ಹೇಳಿದ್ದೇನೆ. ಅವನು ಅಲ್ಲಗಳೆಯಲಿಲ್ಲ.

"ನೀವು ಹೇಳೂದು ಖರೇ ಐತ್ರಿ ಬಾಯಾರ. ಆದ್ರ ನನ್ನ ಜಾಗಾದಾಗ ನೀವಿದ್ರ ಏನ್ ಮಾಡ್ತಿದ್ರಿ?" ಎಂದ.

ನಮ್ಮ ಊರು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದೆ. ನಿವೃತ್ತಳಾದ ಮೇಲೆ ನಾನು ಚಿಕ್ಕೋಡಿಯ ಮನೆ ಬಿಟ್ಟು ಇಲ್ಲಿಗೆ ಬಂದೆ. ಶಿಂಗೆಯವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ರಾವಸಾಹೇಬನ ಹೆಂಡತಿ ಸುಂದರಾ ಅಂಗನವಾಡಿಯಲ್ಲಿ ಶಿಕ್ಷಕಿ. ಒಬ್ಬಳೇ ಮಗಳು ನೀಲಮ. ರಾವಸಾಹೇಬ ವರ್ಷಕ್ಕೆ ಎರಡು ಸಲ ರಜೆಗೆ ಬರುತ್ತಿದ್ದ. ಅವನು ಬಂದಾಗ ಆ ಗೋಡೆಯ ಆಚೆಯ ಮಾತೆಲ್ಲ ನನಗೆ ಕೇಳುತ್ತಿತ್ತು. ನಾನು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಅವನು ೨೦೦೧ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೈನ್ಯ ಸೇರಿದವನು. ಮಿಲಿಟರಿ ಪೊಲೀಸ್. ಎಂದರೆ ಸೈನಿಕರ ಮೇಲೆ ಕಣ್ಣಿಡುವ ಸೈನಿಕ. ಕೆಂಪು ಟೋಪಿ ಹಾಕಿ, ಬಿಳಿ ಬೆಲ್ಟು ಕಟ್ಟಿ ದಂಡುಪ್ರದೇಶದ ಗೇಟಿನಲ್ಲಿ ನಿಲ್ಲುವುದು, ಲಾರಿಗಳಿಗೆ ದಾರಿ ತೋರಿಸುವುದು, ಅಂಗಿಯ ಗುಂಡಿ ಬಿಚ್ಚಿಕೊಂಡು ಬಂದ ಜವಾನನ ಹೆಸರು ಬರೆದುಕೊಳ್ಳುವುದು. ಇಪ್ಪತ್ತನಾಲ್ಕು ವರ್ಷ ಇದನ್ನೇ ಮಾಡಿದ. ಎಲ್ಲ ಕಡೆ ಮಾಡಿದ. ಮರಳಿನಲ್ಲಿ, ಹಿಮದಲ್ಲಿ, ಕೊಳಚೆ ನಾರುವ ಊರುಗಳಲ್ಲಿ. ಆದರೆ ಗುಂಡು ಹಾರಿಸಿದ ಕಥೆ ಅವನಲ್ಲಿ ಒಂದೂ ಇರಲಿಲ್ಲ. ನಮ್ಮ ಊರಿನ ಕಟ್ಟೆಯ ಮೇಲೆ ಕೂತವರಿಗೆ ಬೇಕಾದದ್ದು ಅದೇ ಕಥೆ. ಅಂಥವು ಮೇಲಿನ ಓಣಿಯ ಸುಬೇದಾರ ಮಲಕಾರಿಯ ಬಳಿ ಹತ್ತಾರು ಇದ್ದವು. ಮಲಕಾರಿ ಮಾತು ತೆಗೆದರೆ ಮಂದಿ ಬೀಡಿ ಆರಿಸಿ ಕೇಳುತ್ತಿದ್ದರು. ರಾವಸಾಹೇಬ ಮಾತು ತೆಗೆದರೆ, "ಗೇಟ್ ತೆಗೀಯೂದು ಹಾಕೂದು ನಮ್ಮ ಸಕ್ಕರಿ ಫ್ಯಾಕ್ಟರಿ ವಾಚಮನ್‌ನೂ ಮಾಡ್ತಾನಲ್ಲೋ ರಾವ್ಯಾ" ಎಂದು ನಗುತ್ತಿದ್ದರು.

ಅವನಲ್ಲಿ ಹೆಮ್ಮೆಪಡುವಂಥದ್ದು ಒಂದೇ ಇತ್ತು: ಅವನ ಡೋರಿ. ಬಲಭುಜದ ಸುತ್ತ ಹಾಕಿ, ತುದಿಯಲ್ಲಿ ಸೀಟಿ ಕಟ್ಟಿ, ಜೇಬಿನೊಳಗೆ ಇಳಿಬಿಡುವ ಬಿಳಿ ಹುರಿ. ಎಲ್ಲರೂ ಸೈನ್ಯದ ಅಂಗಡಿಯ ಬಿಳಿ ಪುಡಿ ಹಚ್ಚಿದರೆ ಇವನು ನಿಪ್ಪಾಣಿಯ ತಂಬಾಕಿನ ಅಂಗಡಿಯಿಂದ ಸುಣ್ಣ ಒಯ್ಯುತ್ತಿದ್ದ. ತಂಬಾಕಿನ ಜೊತೆ ತಿಕ್ಕುವ ಅದೇ ಸುಣ್ಣ. ಪ್ರತಿ ರಜೆ ಮುಗಿಸಿ ಹೋಗುವಾಗ ಎರಡು ಡಬ್ಬಿ. ಅದಕ್ಕೆ ಏನು ಬೆರೆಸುತ್ತಾನೆ, ಎಷ್ಟು ಹೊತ್ತು ನೆನೆಸುತ್ತಾನೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿ ಎದುರಿಗಿದ್ದರೂ ಬೆನ್ನು ತಿರುಗಿಸಿ ಕೂತು ಹಚ್ಚುತ್ತಿದ್ದ. ಅವನ ಡೋರಿಯಷ್ಟು ಬಿಳಿಯ ಡೋರಿ ಯೂನಿಟ್‌ನಲ್ಲಿ ಇನ್ನೊಂದಿಲ್ಲವೆಂದು ಮೂರು ಕರ್ನಲ್‌ಗಳು ಹೇಳಿದ್ದರಂತೆ. ಅದನ್ನು ಒಬ್ಬರಿಗೂ ಮುಟ್ಟಲು ಕೊಟ್ಟವನಲ್ಲ. ಒಮ್ಮೆ ಐದು ವರ್ಷದ ನೀಲಮ ಆಡಲು ಎತ್ತಿಕೊಂಡಳೆಂದು ಕೈಮೇಲೆ ಹೊಡೆದದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತ್ತು.

ಇನ್ನು ಮೆರವಣಿಗೆಯ ವಿಷಯ. ನಮ್ಮ ಕಡೆ ಸೈನಿಕ ನಿವೃತ್ತನಾಗಿ ಬಂದರೆ ತೆರೆದ ಜೀಪಿನಲ್ಲಿ ನಿಲ್ಲಿಸಿ ಊರೊಳಗೆ ಕರೆತರುತ್ತಾರೆ. ಹತ್ತು ಹನ್ನೆರಡು ವರ್ಷಗಳಿಂದ ಈ ಪದ್ಧತಿ ಬೆಳೆದಿದೆ. ಡಿಜೆ, ಹಾರ, ಶಾಲೆಯ ಮಕ್ಕಳು, ರಸ್ತೆಗೆ ಅಡ್ಡಲಾಗಿ ಬ್ಯಾನರು. ಮಲಕಾರಿ ಬಂದಾಗ ಜೆಸಿಬಿಯ ಬಕೆಟ್ಟಿನಿಂದ ಚೆಂಡುಹೂ ಸುರಿದರು. ಆ ದಿನ ರಾವಸಾಹೇಬ ರಜೆಯಲ್ಲಿದ್ದ. ಮನೆಗೆ ಬಂದವನೇ ಅಂಗಿ ಬಿಚ್ಚದೆ ಕಟ್ಟೆಯ ಮೇಲೆ ಕೂತ.

"ಎಷ್ಟ್ ಹೂ ಸುರದ್ರು ನೋಡಿದಿ?" ಎಂದು ಹೆಂಡತಿಯನ್ನು ಕೇಳಿದ.

"ಸುರೀಲಿ ಬಿಡ್ರಿ. ನಾಳೆ ಕಸಾ ಹೊಡಿಯಾಂವ ನೀವಲ್ಲಲ್ಲ."

"ನನ್ನದೂ ಹಿಂಗ ಆಗಬೇಕ ಸುಂದರಾ. ಒಂದ್ ದಿನಾ. ಒಂದ ದಿನಾ ಈ ಊರು ನನ್ನ ಮಾರಿ ನೋಡಬೇಕ."

ಅಂದಿನಿಂದ ಅವನ ಬದುಕಿಗೆ ಒಂದೇ ಗುರಿ. ಬಡ್ತಿಯನ್ನಾಗಲಿ ಪೆನ್ಷನ್ನನ್ನಾಗಲಿ ಅವನು ಎದುರು ನೋಡಲಿಲ್ಲ. ಆ ಜೀಪನ್ನು ಎದುರು ನೋಡಿದ.

ಅಷ್ಟರಲ್ಲಿ ನೀಲಮ ಓಡಲು ಶುರುಮಾಡಿದಳು. ಬಿ.ಎ. ಎರಡನೆಯ ವರ್ಷದಲ್ಲಿದ್ದಳು, ದಡ್ಡಿಯಲ್ಲ, ಆದರೆ ಪುಸ್ತಕದ ಮುಂದೆ ಕೂರುವವಳೂ ಅಲ್ಲ. ಬೆಳಿಗ್ಗೆ ಐದೂವರೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತ ರಸ್ತೆಯಲ್ಲಿ, ಚೂಡಿದಾರದ ಮೇಲೆ ಸ್ವೆಟರ್ ಹಾಕಿ ಓಡುತ್ತಿದ್ದಳು. ತಂದೆಗೆ ಫೋನಿನಲ್ಲಿ ಹೇಳಿದಾಗ ಅವನು, "ನಮ್ಮೂರ ಹುಡುಗೀರು ಓಡೂದು ಬಸ್ ಹಿಡಿಯಾಕ ಅಷ್ಟ" ಎಂದು ನಕ್ಕನಂತೆ. ೨೦೨೩ರಲ್ಲಿ ಅವಳು ಮಿಲಿಟರಿ ಪೊಲೀಸ್‌ಗೇ ಅಗ್ನಿವೀರಳಾಗಿ ಆಯ್ಕೆಯಾದಳು. ಸುತ್ತಿನ ಹಳ್ಳಿಗಳಲ್ಲಿ ಸೈನ್ಯಕ್ಕೆ ಹೋದ ಮೊದಲ ಹುಡುಗಿ ಇವಳೇ ಎಂದು ಊರಿನ ತರುಣ ಮಂಡಳಿಯವರು ಬ್ಯಾನರು ಕಟ್ಟಿದರು. ಕಾಲೇಜಿನಲ್ಲಿ ಸತ್ಕಾರ, ಸಂಘದಲ್ಲಿ ಸತ್ಕಾರ, ಚಿಕ್ಕೋಡಿಯಲ್ಲಿ ಮೂರು ಸತ್ಕಾರ. ಶಾಲು ಮಡಚಿಡಲು ಸುಂದರಾಳಿಗೆ ಪೆಟ್ಟಿಗೆ ಸಾಲಲಿಲ್ಲ. ಹುಡುಗಿ ಇನ್ನೂ ತರಬೇತಿಗೂ ಹೋಗಿರಲಿಲ್ಲ.

ಆ ವೇಳೆಗೆ ರಜೆಗೆ ಬಂದ ರಾವಸಾಹೇಬ ಸುಣ್ಣ ತರಲು ನಿಪ್ಪಾಣಿಗೆ ಹೋಗಿದ್ದ. ಚಹಾದಂಗಡಿಯಲ್ಲಿ ಒಬ್ಬ ಅಪರಿಚಿತ ಇವನನ್ನು ಗುರುತಿಸಿದ.

"ನೀವ ಏನ್ರಿ ಆ ಮಿಲಿಟ್ರಿ ಹುಡುಗಿ ನೀಲಮನ ಪಪ್ಪಾ? ಮೊಬೈಲ್‌ನ್ಯಾಗ ನೋಡೇನ್ರಿ. ಭಾರೀ ಪೋರಿ ಬಿಡ್ರಿ! ಮತ್ತ, ನೀವು ಏನ್ ಮಾಡ್ತೀರಿ? ಹೊಲಾ ಏನ್ರಿ?"

ಇದನ್ನು ಅವನೇ ನನಗೆ ಹೇಳಿದ. "ಇಪ್ಪತ್ತೆರಡ್ ವರ್ಷ ಆತ್ರಿ ಬಾಯಾರ. ಕಾಲು ಬೇರು ಬಿಡೂ ಹಂಗ ನಿಂತೀನಿ. ಒಂದ್ ಫೋಟೋ ಇಲ್ಲ, ಒಂದ್ ಶಾಲಿಲ್ಲ. ಇಕಿ ಒಂದ್ ಮೈಲು ಓಡಿದ್ದಕ್ಕ ಊರೆಲ್ಲಾ ಕುಣೀತೈತಿ."

"ನಿನ್ನ ಮಗಳಲ್ಲವೇ?" ಎಂದೆ.

"ಅದಕ್ಕ ತಡಕೊಂಡ್ ಕೂತೇನ್ರಿ. ಮಂದಿ ಮಗಳಾಗಿದ್ರ ನನಗೇನ್ ಆಗತಿತ್ತು?"

ಈ ಉತ್ತರದಲ್ಲಿ ತರ್ಕವಿತ್ತು. ದೂರದವರ ಯಶಸ್ಸನ್ನು ಯಾರಾದರೂ ಸಹಿಸುತ್ತಾರೆ.

ತರಬೇತಿ ಮುಗಿಸಿದ ನೀಲಮ ತಂದೆ ಇದ್ದ ಯೂನಿಟ್ಟಿಗೇ ಹಾಕಬೇಕೆಂದು ಅರ್ಜಿ ಕೊಟ್ಟಳು. ತಂದೆಗೆ ಹಿಗ್ಗಾಗುತ್ತದೆ ಎಂದುಕೊಂಡಿದ್ದಳು. ಅರ್ಜಿ ಒಪ್ಪಿಗೆಯಾಯಿತು. ಟ್ರಂಕು ಹಿಡಿದು ಗೇಟಿನಲ್ಲಿ ಇಳಿದಾಗ ಗೇಟಿನಲ್ಲಿ ನಿಂತಿದ್ದವನು ಅವನೇ. ಕಾಗದ ನೋಡಿ ವಾಪಸು ಕೊಟ್ಟು, "ಇಡೀ ಹಿಂದುಸ್ತಾನದಾಗ ನಿನಗ ಇದೊಂದ ಜಾಗಾ ಸಿಕ್ತೇನ್ ಬೇ?" ಎಂದನಂತೆ. ಆಮೇಲೆ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ, ಟೋಪಿ ನೆಟ್ಟಗಿಲ್ಲವೆಂದು ಗದರಿದ.

ಇದೆಲ್ಲ ನೀಲಮ ಮೊದಲ ರಜೆಗೆ ಬಂದಾಗ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು. ಡ್ಯೂಟಿಯಲ್ಲಿ ಅವಳು ತಂದೆಯನ್ನು ಕರೆಯಬೇಕಾದದ್ದು ಉಸ್ತಾದ್ ಎಂದು. ಹವಾಲ್ದಾರರನ್ನು ಹಾಗೆ ಕರೆಯುವುದು ಅಲ್ಲಿನ ರೂಢಿ. ಅವನು ಅವಳನ್ನು ಶಿಂಗೆ ಎಂದು ಕರೆಯುತ್ತಿದ್ದ.

"ತಮ್ಮದ ಅಡ್ಡಹೆಸರ ಹಿಡದ ಒದರ್ತಾರ್ರಿ ಮೇಡಂ, ಸಾಲಗಾರನ್ನ ಕರದಂಗ," ಎಂದು ನಕ್ಕಳು.

ಅಪ್ಪ ಮಗಳು ಒಂದೇ ಯೂನಿಟ್ಟಿನಲ್ಲಿ ಇರುವುದು ಅಲ್ಲಿಯವರಿಗೆ ವಿಶೇಷವಾಗಿ ಕಂಡಿತು. ಫೋಟೋ ತೆಗೆಯಲು ಒಬ್ಬ ಅಧಿಕಾರಿ ಬಂದರು. ಇಬ್ಬರನ್ನೂ ಗೇಟಿನ ಮುಂದೆ ನಿಲ್ಲಿಸಿದರು. ಎರಡು ಫೋಟೋ ಆದ ಮೇಲೆ, "ಹವಾಲ್ದಾರ್, ನೀವು ಸ್ವಲ್ಪ ಹಿಂದೆ ಸರೀರಿ, ಹುಡುಗಿಯ ಮುಖಕ್ಕೆ ನೆರಳು ಬೀಳುತ್ತದೆ" ಎಂದರು. ಅವನು ಸರಿದ. ಫೋಟೋ ಅಚ್ಚಾಗಿ ಬಂದಾಗ ಅದರಲ್ಲಿ ಅವನ ಅರ್ಧ ತೋಳು, ಡೋರಿ ಇದ್ದ ಭುಜ ಮಾತ್ರ ಇತ್ತು.

ಮರುವಾರ ನೀಲಮ ತನ್ನ ಡೋರಿಯನ್ನೂ ಹಾಗೆ ಬೆಳ್ಳಗೆ ಮಾಡಬೇಕೆಂದು ಕೇಳಿದಳು.

"ಪಪ್ಪಾ, ಸುಣ್ಣಕ್ಕ ಏನ್ ಕೂಡಸ್ತೀರಿ ಹೇಳ್ರಿ."

"ಪಪ್ಪಾ ಮನ್ಯಾಗ. ಇಲ್ಲಿ ಉಸ್ತಾದ್."

"ಉಸ್ತಾದ್, ಸುಣ್ಣಕ್ಕ ಏನ್ ಕೂಡಸ್ತೀರಿ?"

"ಉಸ್ತಾದಗ ಸುಣ್ಣ ಗೊತ್ತಿಲ್ಲ. ನಡೀ."

ಹುಡುಗಿ ಹಟಮಾರಿ. ತಾಯಿಗೆ ಹೇಳಿ ನಿಪ್ಪಾಣಿಯ ಸುಣ್ಣದ ಡಬ್ಬಿ ತರಿಸಿಕೊಂಡಳು. ಕಲಸಬೇಕಾದದ್ದು ಬೇರೆ ಏನೋ ಇದೆ ಎಂದು ತಿಳಿದಿದ್ದರೂ, ಹಾಗೆಯೇ ಗಟ್ಟಿಯಾಗಿ ಹಚ್ಚಿ ಒಣಗಿಸಿದಳು. ತಂಬಾಕಿನ ನಾಡಿನ ಮಕ್ಕಳು ಮಾತ್ರ ಮಾಡಬಹುದಾದ ತಪ್ಪು ಇದು. ಪರೇಡಿನಲ್ಲಿ ಕೈ ಎತ್ತಿದ ಕೂಡಲೇ ಡೋರಿ ಒಣಮಣ್ಣಿನಂತೆ ಬಿರಿಯಿತು. ಸುಣ್ಣದ ಚಕ್ಕೆ ಹೆಗಲಿನಿಂದ ಪ್ಯಾಂಟಿನವರೆಗೂ ಉದುರಿತು. ಸಾಲು ಪರೀಕ್ಷಿಸುತ್ತಿದ್ದವನು ರಾವಸಾಹೇಬ. ಅವಳ ಮುಂದೆ ನಿಂತು, ಉದುರಿದ ಚಕ್ಕೆಯನ್ನು ನೋಡಿದ, ಹೆಸರು ಬರೆದುಕೊಂಡ. ಮೂರು ದಿನ ಹೆಚ್ಚಿನ ಕಾವಲು.

"ಅವಾಗ ನಕ್ಕರ್ರಿ ಮೇಡಂ," ಎಂದಳು ನೀಲಮ. "ಮೀಸಿ ಒಳಗ. ನಾ ನೋಡೇನಿ. ಇಷ್ಟ್ ಖುಷಿಯಾಗಿ ಅವರು ನಕ್ಕದ್ದ ಹಿಂದ ಎಂದೂ ನೋಡಿಲ್ಲ."

ಅವಳ ಮುಖದಲ್ಲಿ ನಗು ಇತ್ತು, ಆದರೆ ಕಪ್ಪನ್ನು ತಟ್ಟೆಯ ಮೇಲೆ ಇಡುವಾಗ ಸದ್ದಾಯಿತು.

ಕಳೆದ ವರ್ಷ ಮೇ ಕೊನೆಯ ದಿನ ರಾವಸಾಹೇಬನ ನಿವೃತ್ತಿ. ಜೂನ್ ಮೂರರಂದು ಊರಿಗೆ ಬರುವುದು, ಅಂದೇ ಮೆರವಣಿಗೆ ಎಂದು ಗೊತ್ತಾಯಿತು. ಎರಡು ತಿಂಗಳ ಮೊದಲಿನಿಂದ ಅವನು ತರುಣ ಮಂಡಳಿಯ ಸುರಜನಿಗೆ ಫೋನು ಮಾಡಿ ತಲೆ ತಿಂದ. ಜೀಪು ತೆರೆದದ್ದೇ ಇರಬೇಕು. ಡಿಜೆ ಬೇಡ, ಹಲಗಿ ಇರಲಿ. ಜೆಸಿಬಿ ಸಿಕ್ಕರೆ ನೋಡು. ಸುರಜ ಎಲ್ಲದಕ್ಕೂ "ಆಗಲಿ ಕಾಕಾ" ಎಂದ. ಒಂದೇ ಪ್ರಶ್ನೆ ಕೇಳಿದ.

"ನೀಲಮ ಅಕ್ಕಾ ಬರ್ತಾರಲ್ರಿ? ಯೂನಿಫಾರ್ಮ್ ಮ್ಯಾಲ? ಇಬ್ಬರ್ನೂ ಜೀಪಿನ್ಯಾಗ ನಿಲ್ಸೂಣು. ಧೂಳ್ ಎಬ್ಬಸ್ತೈತ್ರಿ ಕಾಕಾ!"

ಯೂನಿಟ್ಟಿನಲ್ಲಿ ಡ್ಯೂಟಿಯ ಪಟ್ಟಿ ಬರೆಯುವ ಕೆಲಸ ಆ ಕೊನೆಯ ತಿಂಗಳು ರಾವಸಾಹೇಬನದೇ ಆಗಿತ್ತು. ಜೂನ್ ಒಂದರಿಂದ ಐದರವರೆಗೆ ಗೇಟಿನ ಕಾವಲಿಗೆ ಅವನು ನೀಲಮಳ ಹೆಸರು ಬರೆದ. ಅವಳು ಮೇಲಿನವರಿಗೆ ಒಂದು ಮಾತು ಹೇಳಿದ್ದರೆ ರಜೆ ಸಿಗುತ್ತಿತ್ತು. ತಂದೆಯ ನಿವೃತ್ತಿಗೆ ರಜೆ ಇಲ್ಲವೆನ್ನುವಷ್ಟು ಕಠಿಣ ಜನ ಅಲ್ಲಿ ಯಾರೂ ಇರಲಿಲ್ಲ. ಅವಳು ಹೇಳಲಿಲ್ಲ. ಪಟ್ಟಿ ಓದಿ ಸಹಿ ಮಾಡಿದಳು.

ಆ ಸಂಜೆ ಫೋನಿನಲ್ಲಿ ಸುಂದರಾಳ ದನಿ ಗೋಡೆ ದಾಟಿ ಬಂತು.

"ಪೋರಿ ಯಾಕ ಬರಾಕತ್ತಿಲ್ಲ? ... ಡ್ಯೂಟಿ? ಡ್ಯೂಟಿ ಬರಿಯಾಂವ ಯಾರ್ರಿ? ... ಮಾತಾಡ್ರಿ ಈಗ. ಗೇಟ್ ಹಾಕಿದ್ರೇನ್ ಬಾಯಿಗೆ?" ಕೊನೆಗೆ, "ನಿಮಗ ನಾಚಿಕಿ ಇಲ್ಲ. ಹೆತ್ತ ಮಗಳ ಕೂಡ ಸವತಿ ಮತ್ಸರ ಮಾಡಾಕತ್ತೀರಿ" ಎಂದು ಫೋನು ಇಟ್ಟಳು.

ಅವನು ಒಬ್ಬನೇ ರೈಲು ಹತ್ತಿದ.

ಜೂನ್ ಮೂರರಂದು ಬೆಳಿಗ್ಗೆ ನನ್ನನ್ನು ಊರ ಬಾಗಿಲಲ್ಲಿ ಹಾರ ಹಾಕಲು ಕರೆದಿದ್ದರು. ಇಂಥ ಕೆಲಸ ನನಗೆ ಇಷ್ಟವಿಲ್ಲ. ಸುಂದರಾಳ ಮುಖ ನೋಡಿ ಹೋದೆ. ಅಂಗನವಾಡಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವಳು ಕೈಗೆ ಕಾಗದದ ಧ್ವಜ ಕೊಡುತ್ತಿದ್ದಳು. ರಸ್ತೆಯ ಒಂದು ಬದಿಯ ಬೇವಿನ ಮರಕ್ಕೂ ಇನ್ನೊಂದು ಬದಿಯ ವಿದ್ಯುತ್ ಕಂಬಕ್ಕೂ ಸುರಜನ ಬ್ಯಾನರು ಕಟ್ಟಿತ್ತು. ನೋಡಿ ನನಗೆ ಸಿಟ್ಟು ಬಂತು. ಎಡಗಡೆ ಅರ್ಧ ಬ್ಯಾನರಿನಷ್ಟು ನೀಲಮ, ಕೆಂಪು ಟೋಪಿ ಹಾಕಿ ಸೆಲ್ಯೂಟ್ ಹೊಡೆಯುತ್ತಿದ್ದಾಳೆ. ಬಲಗಡೆಯ ಮೂಲೆಯಲ್ಲಿ, ರೇಷನ್ ಕಾರ್ಡಿನ ಫೋಟೋದಷ್ಟು, ರಾವಸಾಹೇಬ. ನಡುವೆ ಬರಹ: ನಮ್ಮೂರ ಹೆಮ್ಮೆಯ ಪುತ್ರಿ ನೀಲಮ ಇವರ ತಂದೆ, ನಿವೃತ್ತ ಯೋಧ ರಾವಸಾಹೇಬ ಶಿಂಗೆ ಇವರಿಗೆ ಹಾರ್ದಿಕ ಸ್ವಾಗತ.

"ನಿವೃತ್ತಿ ಯಾರದು ಸುರಜ?" ಎಂದು ಕೇಳಿದೆ.

"ಕಾಕಾರದ್ರಿ ಮೇಡಂ. ಆದ್ರ ಅಕ್ಕಾನ ಫೋಟೋ ಇದ್ರ ಮಂದಿ ಗಾಡಿ ನಿಲ್ಲಿಸಿ ನೋಡ್ತಾರ್ರಿ. ಕಾಕಾನ ಮಾರಿ ನೋಡಿ ಯಾರ್ ನಿಲ್ತಾರ?"

"ಸಮಾ ಹೇಳಿದಿ," ಎಂದು ಪಕ್ಕದಲ್ಲಿದ್ದ ಮಲಕಾರಿ ನಕ್ಕ. ಅವನು ಪದಕಗಳನ್ನೆಲ್ಲ ಹಾಕಿಕೊಂಡು ಬಂದಿದ್ದ.

ಮೊದಲ ಮಳೆಯ ಮುಂಚಿನ ಗಾಳಿ ಬೀಸುತ್ತಿತ್ತು. ಹಲಗಿಯ ಸದ್ದು ದೂರದಲ್ಲಿ ಕೇಳುವಷ್ಟರಲ್ಲಿ ಒಂದು ಜೋರು ಗಾಳಿಗೆ ಬ್ಯಾನರಿನ ಎಡಗಡೆಯ ಮೇಲಿನ ಮೂಲೆಯ ಸುತಳಿ ಹರಿಯಿತು. ಆ ಮೂಲೆ ಮಡಚಿ ಕೆಳಗೆ ಇಳಿಬಿತ್ತು. ನೀಲಮಳ ಮುಖ, ಟೋಪಿ, ಸೆಲ್ಯೂಟ್ ಹೊಡೆದ ಕೈ ಎಲ್ಲ ಮುಚ್ಚಿಹೋದವು. ಉಳಿದದ್ದು ಬಲಮೂಲೆಯ ರಾವಸಾಹೇಬ, ಅವನ ಹೆಸರು ಮತ್ತು ಸ್ವಾಗತ.

ಸುರಜ ಏಣಿ ತರಲು ಓಡಹೊರಟ. ಮಲಕಾರಿ ಅವನ ತೋಳು ಹಿಡಿದ. "ಬಿಡಲೇ. ಅಂವಗ ಬೇಕಾದ್ದು ಗಾಳೀನ ಮಾಡಿ ಕೊಟ್ಟೈತಿ. ಇವತ್ತೊಂದ್ ದಿನಾ ಖುಷಿ ಪಡ್ಲಿ."

ಸುತ್ತಲಿದ್ದವರು ನಕ್ಕರು. ನಾನೂ ಸುರಜನಿಗೆ ಹೋಗು ಎನ್ನಲಿಲ್ಲ. ನ್ಯಾಯವಾಗಿ ಅದು ಅವನ ದಿನವೇ ಆಗಿತ್ತು.

ಜೀಪು ಬಂತು. ಅದರಲ್ಲಿ ನೆಟ್ಟಗೆ ನಿಂತಿದ್ದ ರಾವಸಾಹೇಬ. ಕೆಂಪು ಟೋಪಿ, ಬಿಳಿ ಬೆಲ್ಟು, ಭುಜದಲ್ಲಿ ಆ ಡೋರಿ, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಕೊರಳಲ್ಲಿ ನಾಲ್ಕೈದು ಹಾರ. ಜೆಸಿಬಿ ಸಿಕ್ಕಿರಲಿಲ್ಲ, ಹುಡುಗರು ಬುಟ್ಟಿಯಿಂದ ಹೂ ಎರಚುತ್ತಿದ್ದರು. ಮಕ್ಕಳು ಧ್ವಜ ಆಡಿಸಿದವು. ಅವನು ಯಾರ ಕಡೆಗೂ ನೋಡದೆ, ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂಬುದನ್ನು ಮಾತ್ರ ಸವಿಯುತ್ತಿದ್ದ. ಅದು ಅವನ ಮೀಸೆಯ ಅಂಚಿನಲ್ಲೇ ಕಾಣುತ್ತಿತ್ತು.

ಬ್ಯಾನರಿನ ಕೆಳಗೆ ಬಂದಾಗ ತಲೆ ಎತ್ತಿದ. ಬರಹ ಓದಿದ. ತನ್ನ ಪುಟ್ಟ ಮುಖ ನೋಡಿದ. ಆಮೇಲೆ ಮಡಚಿದ ಮೂಲೆ ನೋಡಿದ. ಮಡಿಕೆಯ ಅಡಿಯಿಂದ ಮಗಳ ಬೂಟುಗಳು ಮಾತ್ರ ಕಾಣುತ್ತಿದ್ದವು. ಜೀಪು ಮುಂದೆ ಹೋಯಿತು. ಹತ್ತು ಹೆಜ್ಜೆ ಹೋಗಿರಬೇಕು.

"ನಿಲ್ಸು," ಎಂದ.

ಚಾಲಕ ನಿಲ್ಲಿಸಿದ. ಹಲಗಿಯೂ ನಿಂತಿತು.

"ಹಿಂದ ತುಗೋ. ಬೇವಿನ ಗಿಡದ ಬಾಜೂಕ."

"ಈಗ ಹರೀತಾನ ನೋಡ್ರಿ," ಎಂದು ಮಲಕಾರಿ ನನ್ನ ಕಿವಿಯಲ್ಲಿ ಹೇಳಿದ. ನಾನೂ ಹಾಗೆಯೇ ಎಂದುಕೊಂಡೆ. ಸುಂದರಾ ಮಕ್ಕಳನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

ಜೀಪು ಮರದ ಕೆಳಗೆ ನಿಂತಿತು. ರಾವಸಾಹೇಬ ಸೀಟಿನ ಮೇಲೆ ಹತ್ತಿ ಇಳಿಬಿದ್ದ ಮೂಲೆಯನ್ನು ಹಿಡಿದ. ಕೊಂಬೆಯತ್ತ ಎಳೆದ. ಕಟ್ಟಲು ಹರಿದ ಸುತಳಿಯ ಗೇಣುದ್ದ ತುಂಡು ಬಿಟ್ಟರೆ ಏನೂ ಇರಲಿಲ್ಲ.

"ದಾರಾ ತರ್ತೇನಿ ಕಾಕಾ," ಎಂದ ಸುರಜ.

ರಾವಸಾಹೇಬ ಒಂದು ಕೈಯಲ್ಲಿ ಮೂಲೆಯನ್ನು ಹಿಡಿದುಕೊಂಡೇ, ಇನ್ನೊಂದರಿಂದ ಭುಜದ ಡೋರಿಯನ್ನು ಬಿಚ್ಚಿದ. ಸೀಟಿಯನ್ನು ಹಲ್ಲಿನಿಂದ ಕಳಚಿ ಜೇಬಿಗೆ ಹಾಕಿದ. ಡೋರಿಯನ್ನು ಬ್ಯಾನರಿನ ತೂತಿನಲ್ಲಿ ಪೋಣಿಸಿ, ಧೂಳು ಹಿಡಿದ ಕೊಂಬೆಗೆ ಎರಡು ಸುತ್ತು ಹಾಕಿ, ಬಿಗಿದು ಗಂಟು ಹಾಕಿದ. ಗಂಟನ್ನು ಎರಡು ಸಲ ಎಳೆದು ನೋಡಿದ.

ಸೀಟಿನಿಂದ ಇಳಿದು, ಜೀಪಿನ ಕಂಬಿ ಹಿಡಿದು, ಮತ್ತೆ ನೆಟ್ಟಗೆ ನಿಂತ.

"ನಡೀ ಈಗ," ಎಂದ.